ಬಿಡಿ ಚಾನಲ್ಲೋ, ಪ್ಯಾಕೋ: ಕಾರಟಗಿಯ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಹಳ್ಳಿ. ಕೇಬಲ್‌ನವರಿಗೆ ತಿಂಗಳಿಗೆ 350 ರೂಪಾಯಿ ಕೊಡುತ್ತೇವೆ. ಇನ್ನೂರಕ್ಕೂ ಹೆಚ್ಚು ಚಾನಲ್ ಬರುತ್ತವೆ, ನಾವು ನೋಡುವುದು ಎಂಟೋ ಹತ್ತೋ. ಅಪ್ಪ ಅವ್ವನಿಗೆ ಕನ್ನಡ ಧಾರಾವಾಹಿ ಬೇಕು, ನನ್ನ ಹೆಂಡತಿಯ ತವರು ಆಂಧ್ರ ಕ್ಯಾಂಪಿನ ಕಡೆಯದಾದ್ದರಿಂದ ಆಕೆಗೆ ತೆಲುಗು ಚಾನಲ್ ಬೇಕು, ಮಗನಿಗೆ ಕ್ರಿಕೆಟ್, ಮಗಳಿಗೆ ಕಾರ್ಟೂನ್. ಬೇಕಾದವನ್ನಷ್ಟೇ ಕೊಡಿ ಎಂದರೆ ಆಪರೇಟರ್, ‘ಬಿಡಿಯಾಗಿ ತಗೊಂಡ್ರ ಇನ್ನೂ ಜಾಸ್ತಿ ಆಗ್ತದ್ರಿ, ಪ್ಯಾಕೇ ಇರ್ಲಿ’ ಅನ್ನುತ್ತಾರೆ. ಸಂತೆಯಲ್ಲಿ ಬೇಕಾದ ಕಾಯಿಪಲ್ಲೆಯನ್ನಷ್ಟೇ ಕೊಳ್ಳುವ ನಾನು ನೋಡದ ಚಾನಲ್ಲಿಗೆ ಏಕೆ ದುಡ್ಡು ಕೊಡಬೇಕು? ಮಹಡಿಯ ಮೇಲೆ ಇನ್ನೊಂದು ಟಿವಿ ಹಾಕಿದರೆ ಮತ್ತೆ ಪೂರ್ತಿ ಹಣ ಕೊಡಬೇಕೆ?

ಉತ್ತರ: ಬೇಕಾದ ಚಾನಲ್ಲನ್ನಷ್ಟೇ ಕೊಳ್ಳುವ ಹಕ್ಕು ನಿಮಗೆ 2019ರ ಫೆಬ್ರವರಿ 1ರಿಂದಲೇ ಇದೆ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರ ಮಾರ್ಚ್‌ನಲ್ಲಿ ಹೊರಡಿಸಿದ ದರ ಆದೇಶವು ಪ್ರತಿಯೊಂದು ಚಾನಲ್ಲನ್ನೂ ಬಿಡಿಯಾಗಿ ಕೊಡಲೇಬೇಕೆಂದು ವಿಧಿಸಿತು. ಅದನ್ನು ಪ್ರಶ್ನಿಸಿ ಪ್ರಸಾರ ಸಂಸ್ಥೆಯೊಂದು ನ್ಯಾಯಾಲಯಕ್ಕೆ ಹೋಯಿತಾದರೂ 2018ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಆದ್ದರಿಂದ ‘ಬಿಡಿ ಚಾನಲ್ ಕೊಡುವುದಿಲ್ಲ’ ಎಂದು ನಿಮ್ಮ ಆಪರೇಟರ್ ಹೇಳುವಂತಿಲ್ಲ. ‘ಜಾಸ್ತಿ ಆಗುತ್ತದೆ’ ಎಂದು ಅವರು ಹೇಳಬಹುದು, ಮತ್ತು ಕೆಲವು ಮನೆಗಳ ಮಟ್ಟಿಗೆ ಆ ಮಾತು ನಿಜ. ನಿಮ್ಮ ಮನೆಯ ಮಟ್ಟಿಗೆ ಅದು ನಿಜವಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ನಿಮ್ಮದು ಎರಡು ಭಾಷೆಯ ಮನೆ ಎಂಬುದು. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಸಾವಿರಾರು ಮನೆಗಳ ಸ್ಥಿತಿಯೂ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ 350 ರೂಪಾಯಿಯನ್ನು ಬಿಡಿಸಿ ನೋಡೋಣ. ಕೇಬಲ್ ಬಿಲ್ಲಿನಲ್ಲಿ ಇರುವುದು ಮೂರೇ ಬಾಬತ್ತು. ಒಂದನೆಯದು ನೆಟ್‌ವರ್ಕ್ ಸಾಮರ್ಥ್ಯ ಶುಲ್ಕ. ವ್ಯಾಪಾರದವರೆಲ್ಲ ಎನ್‌ಸಿಎಫ್ ಎನ್ನುವುದು ಇದನ್ನೇ. ನಿಮ್ಮ ಮನೆವರೆಗೆ ತಂತಿ ಎಳೆದು ಸಂಕೇತ ತಲುಪಿಸುವುದಕ್ಕೆ ಕೊಡುವ ಬಾಡಿಗೆ ಅದು; ನೀವು ಒಂದೂ ಪೇ ಚಾನಲ್, ಅಂದರೆ ದರ ಕೊಟ್ಟು ನೋಡುವ ಚಾನಲ್, ಹಾಕಿಸಿಕೊಳ್ಳದಿದ್ದರೂ ಅದನ್ನು ಕೊಡಬೇಕು. 2019ರಲ್ಲಿ ಅದರ ಮಿತಿ 100 ಚಾನಲ್‌ಗಳಿಗೆ 130 ರೂಪಾಯಿ ಇತ್ತು. 2020ರ ತಿದ್ದುಪಡಿಯಲ್ಲಿ ಅದೇ 130 ರೂಪಾಯಿಗೆ 200 ಚಾನಲ್ ಕೊಡಬೇಕೆಂದಾಯಿತು. 2024ರ ಜುಲೈನಲ್ಲಿ ಟ್ರಾಯ್ ಈ ಮಿತಿಯನ್ನೇ ತೆಗೆದುಹಾಕಿ, ಶುಲ್ಕ ಎಷ್ಟೆಂಬುದನ್ನು ವಿತರಕರ, ಅಂದರೆ ಪ್ರಸಾರ ಸಂಸ್ಥೆಗಳಿಂದ ಸಂಕೇತ ಪಡೆದು ಊರಿನ ಆಪರೇಟರ್‌ಗಳ ಮೂಲಕ ಮನೆಗೆ ತಲುಪಿಸುವ ಸಂಸ್ಥೆಗಳ, ತೀರ್ಮಾನಕ್ಕೆ ಬಿಟ್ಟಿತು. ಎರಡನೆಯದು ಪೇ ಚಾನಲ್‌ಗಳ ದರ. ಮೂರನೆಯದು ಇವೆರಡರ ಮೊತ್ತದ ಮೇಲೆ ಶೇ 18ರ ಜಿಎಸ್‌ಟಿ. ನಿಮ್ಮ 350 ರೂಪಾಯಿಯಿಂದ ತೆರಿಗೆ ಕಳೆದರೆ ಸುಮಾರು 297 ಉಳಿಯುತ್ತದೆ. ಎನ್‌ಸಿಎಫ್ 130 ಎಂದೇ ಹಿಡಿದರೆ, ಚಾನಲ್‌ಗಳಿಗೆಂದು ನೀವು ಕೊಡುತ್ತಿರುವುದು ಸುಮಾರು 167 ರೂಪಾಯಿ. ನಿಮ್ಮ ಕೈಯಲ್ಲಿ ಕಡಿಮೆ ಮಾಡಿಸಲು ಸಾಧ್ಯವಿರುವುದು ಈ 167 ಮಾತ್ರ.

ಪ್ರಶ್ನೆಯ ಜೊತೆ ನೀವು ಕಳಿಸಿದ ಕೇಬಲ್ ವಸೂಲಿ ಕಾರ್ಡಿನ ಫೋಟೊ ನೋಡಿದೆ. ಹನ್ನೆರಡು ತಿಂಗಳ ಚೌಕಗಳು, ಪ್ರತಿ ಚೌಕದಲ್ಲಿ 350 ಎಂಬ ಅಂಕಿ, ಪಕ್ಕದಲ್ಲಿ ವಸೂಲಿಗೆ ಬರುವ ಹುಡುಗನ ಸಹಿ, ಅಷ್ಟೇ. ಪ್ಯಾಕಿನ ಹೆಸರಿಲ್ಲ, ತೆರಿಗೆಯ ಲೆಕ್ಕವಿಲ್ಲ, ಬಾಕ್ಸಿನ ನಂಬರೂ ಇಲ್ಲ. ಇದು ಬಿಲ್ ಅಲ್ಲ. ಎನ್‌ಸಿಎಫ್ ಎಷ್ಟು, ಯಾವ ಬಿಡಿ ಚಾನಲ್ಲಿಗೆ ಎಷ್ಟು, ಯಾವ ಪ್ಯಾಕಿಗೆ ಎಷ್ಟು, ತೆರಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸುವ ಬಿಲ್ ಪಡೆಯುವುದು ಗ್ರಾಹಕರ ಹಕ್ಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬಹಳ ಮನೆಗಳಲ್ಲಿ ಇಂಥ ಕಾರ್ಡೇ ಚಾಲ್ತಿಯಲ್ಲಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಲೆಕ್ಕವೇ ಕಾಣದ ಮನೆಯಲ್ಲಿ ಆಯ್ಕೆಯ ಹಕ್ಕು ಇದ್ದೂ ಪ್ರಯೋಜನವಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸಂತೆಯ ಕಾಯಿಪಲ್ಲೆಯ ಹೋಲಿಕೆ ಸಹಜವಾದದ್ದೇ, ಆದರೆ ಒಂದು ಕಡೆ ಅದು ಹೊಂದುವುದಿಲ್ಲ. ನೀವು ಕೊಳ್ಳದ ಬದನೆಕಾಯಿ ಇನ್ನೊಬ್ಬರಿಗೆ ಮಾರಾಟವಾಗುತ್ತದೆ; ಕೊಂಡರೆ ಮಾರುವವರ ಬುಟ್ಟಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಚಾನಲ್ ಹಾಗಲ್ಲ. ಧಾರಾವಾಹಿಗೋ ಕ್ರಿಕೆಟ್ ಹಕ್ಕಿಗೋ ಆಗುವ ಖರ್ಚು ಒಮ್ಮೆ ಆಗಿಹೋಗಿರುತ್ತದೆ. ಆ ಮೇಲೆ ಅದನ್ನು ಇನ್ನೊಂದು ಮನೆಗೆ ಬಿಡುವುದಕ್ಕೆ ಪ್ರಸಾರ ಸಂಸ್ಥೆಗೆ ಹೆಚ್ಚಿನ ಖರ್ಚೇ ಇಲ್ಲ. ಹೀಗಾಗಿ ಅದು ಚಾನಲ್ಲಿಗೆ ದರ ಕಟ್ಟುವುದು ತನಗೆ ತಗಲುವ ವೆಚ್ಚವನ್ನು ನೋಡಿಕೊಂಡಲ್ಲ, ಯಾವ ಮನೆ ಎಷ್ಟರವರೆಗೆ ಕೊಡಲು ಸಿದ್ಧವಿದೆ ಎಂಬುದನ್ನು ನೋಡಿಕೊಂಡು.

ಒಂದು ಸಣ್ಣ ಲೆಕ್ಕ ನೋಡಿ. ಸಿಂಧನೂರಿನ ಕ್ಯಾಂಪಿನ ಮನೆಯೊಂದು ತೆಲುಗು ಚಾನಲ್ಲಿಗೆ 20 ರೂಪಾಯಿ, ಕನ್ನಡದ್ದಕ್ಕೆ 10 ರೂಪಾಯಿ ಕೊಡಲು ಸಿದ್ಧವಿದೆ ಎನ್ನೋಣ. ಲಿಂಗಸುಗೂರಿನ ಮನೆಯೊಂದು ಕನ್ನಡಕ್ಕೆ 20, ತೆಲುಗಿಗೆ 10. ಎರಡೂ ಚಾನಲ್‌ಗಳ ಒಡೆತನ ಒಂದೇ ಸಂಸ್ಥೆಯದು. ಬಿಡಿಯಾಗಿ ತಲಾ 20 ಇಟ್ಟರೆ ಪ್ರತಿ ಮನೆ ಒಂದೊಂದನ್ನೇ ಕೊಳ್ಳುತ್ತದೆ, ಸಂಸ್ಥೆಗೆ ಬರುವುದು 40. ತಲಾ 10 ಇಟ್ಟರೆ ಎರಡೂ ಮನೆಗಳು ಎರಡನ್ನೂ ಕೊಳ್ಳುತ್ತವೆ, ಬರುವುದು ಆಗಲೂ 40. ಎರಡನ್ನೂ ಸೇರಿಸಿ 30 ರೂಪಾಯಿಯ ಪ್ಯಾಕ್ ಮಾಡಿದರೆ ಎರಡೂ ಮನೆಗಳು ಕೊಳ್ಳುತ್ತವೆ, ಬರುವುದು 60. ಸಿನಿಮಾಗಳನ್ನು ಗೊಂಚಲಾಗಿ ಮಾರುವ ಪದ್ಧತಿಯನ್ನು ಕುರಿತು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1963ರಲ್ಲಿ ವಿವರಿಸಿದ ತರ್ಕವೇ ಇದು. ಪ್ಯಾಕಿನ ಪರ ವಾದಿಸುವವರು, ಎರಡೂ ಮನೆಗಳಿಗೆ ಎರಡೂ ಚಾನಲ್ ಸಿಕ್ಕವಲ್ಲ ಎನ್ನುತ್ತಾರೆ. ಸಿಕ್ಕವು, ನಿಜ. ಆದರೆ ತಲಾ 10ರ ದರದಲ್ಲಿ ಪ್ರತಿ ಮನೆಗೆ ಉಳಿಯುತ್ತಿದ್ದ 10 ರೂಪಾಯಿ ಪ್ಯಾಕಿನಲ್ಲಿ ಸಂಸ್ಥೆಯ ಕೈ ಸೇರಿತು ಎಂಬುದನ್ನೂ ಅವರು ಹೇಳಬೇಕು.

ಹಾಗೆಂದು ಪ್ಯಾಕನ್ನು ನಿಷೇಧಿಸಿದರೆ ಗ್ರಾಹಕರಿಗೆ ಲಾಭ ಎಂದೂ ಹೇಳಲಾಗದು. ಅಮೆರಿಕದ ಕೇಬಲ್ ಮಾರುಕಟ್ಟೆಯನ್ನು ಆಧರಿಸಿ ಕ್ರಾಫರ್ಡ್ ಮತ್ತು ಯುರುಕೊಗ್ಲು ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಎಲ್ಲವನ್ನೂ ಬಿಡಿಯಾಗಿಯೇ ಮಾರಿದರೆ ವಿತರಕರು ಚಾನಲ್‌ಗಳಿಗೆ ತೆರಬೇಕಾದ ದರ ದುಪ್ಪಟ್ಟಿಗೂ ತುಸು ಹೆಚ್ಚಾಗುತ್ತದೆ, ಬಿಡಿ ಆಯ್ಕೆಯಿಂದ ಗ್ರಾಹಕರಿಗೆ ಉಳಿಯುವುದನ್ನು ಆ ಏರಿಕೆಯೇ ನುಂಗಿಹಾಕುತ್ತದೆ. ಆ ದೇಶದ ಸಂಪರ್ಕ ಆಯೋಗವೇ 2004ರಲ್ಲಿ ಬಿಡಿ ಮಾರಾಟ ದುಬಾರಿ ಎಂದು ವರದಿ ಕೊಟ್ಟು, 2006ರಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು ವರದಿ ಕೊಟ್ಟಿತು. ಈ ವಾದ ಇಂದಿಗೂ ತೀರಿಲ್ಲ. ನಮಗೆ ಬೇಕಾದದ್ದು ಇಷ್ಟು: ಬಿಡಿ ದರ ಮತ್ತು ಪ್ಯಾಕ್ ದರದ ನಡುವಿನ ಅಂತರವನ್ನು ಯಾರು, ಎಷ್ಟರವರೆಗೆ ಹಿಗ್ಗಿಸಬಹುದು?

ನಮ್ಮ ದೇಶದಲ್ಲಿ ಜಗಳವೆಲ್ಲ ನಡೆದದ್ದು ಇದರ ಮೇಲೆಯೇ. 2017ರ ಆದೇಶದಲ್ಲಿ ಟ್ರಾಯ್, ಪ್ಯಾಕಿನಲ್ಲಿ ಕೊಡುವ ರಿಯಾಯಿತಿ ಬಿಡಿ ದರಗಳ ಮೊತ್ತದ ಶೇ 15ನ್ನು ಮೀರಬಾರದು ಎಂದು ಬರೆದಿತ್ತು. ಆ ಒಂದು ಷರತ್ತನ್ನು ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಉಳಿದದ್ದು ಜಾರಿಗೆ ಬಂತು. ಪರಿಣಾಮವಾಗಿ 2019ರಲ್ಲಿ ಪ್ರಸಾರ ಸಂಸ್ಥೆಗಳು ಜನ ಹೆಚ್ಚು ನೋಡುವ ಚಾನಲ್‌ಗಳ ಬಿಡಿ ದರವನ್ನು, ಪ್ಯಾಕಿಗೆ ಸೇರಿಸಬಹುದಾದ ಚಾನಲ್ಲಿಗೆ ಆಗ ಇದ್ದ 19 ರೂಪಾಯಿ ಮಿತಿಯ ತುದಿಗೇ ಒಯ್ದು ನಿಲ್ಲಿಸಿ, ಅವುಗಳ ಜೊತೆ ಯಾರೂ ಕೇಳದ ಚಾನಲ್‌ಗಳನ್ನು ತುಂಬಿ, ಇಡೀ ಪ್ಯಾಕನ್ನು ಶೇ 70ರವರೆಗಿನ ರಿಯಾಯಿತಿಯಲ್ಲಿ ಮಾರಿದವು. ಒಂದೆರಡು ಚಾನಲ್ಲನ್ನು ಬಿಡಿಯಾಗಿ ಕೊಂಡ ದರಕ್ಕೇ ಹತ್ತು ಚಾನಲ್ಲಿನ ಪ್ಯಾಕ್ ಬರುವಂತಾದರೆ ಬಿಡಿ ಆಯ್ಕೆ ಕಾಗದದ ಮೇಲಷ್ಟೇ ಉಳಿಯುತ್ತದೆ. ನಿಮ್ಮ ಆಪರೇಟರ್ ಹೇಳುವ ‘ಜಾಸ್ತಿ ಆಗ್ತದ್ರಿ’ ಎಂಬ ಮಾತು ಹುಟ್ಟಿದ್ದು ಆ ದಿನಗಳಲ್ಲಿ.

2020ರ ಜನವರಿ 1ರಂದು ಟ್ರಾಯ್ ಮತ್ತೆ ಕೈಹಾಕಿತು. 12 ರೂಪಾಯಿಗಿಂತ ಹೆಚ್ಚು ದರದ ಚಾನಲ್ಲನ್ನು ಪ್ಯಾಕಿಗೆ ಸೇರಿಸುವಂತಿಲ್ಲ ಎಂದಿತು, ರಿಯಾಯಿತಿಗೂ ಎರಡು ಕಟ್ಟುಪಾಡು ಹಾಕಿತು. ಬಾಂಬೆ ಹೈಕೋರ್ಟ್ 2021ರ ಜೂನ್ 30ರ ತೀರ್ಪಿನಲ್ಲಿ ಬಹುಪಾಲನ್ನು ಉಳಿಸಿ, ಆ ಎರಡು ಕಟ್ಟುಪಾಡುಗಳಲ್ಲಿ ಒಂದನ್ನು ರದ್ದುಮಾಡಿತು. ಆಗ ಸಂಸ್ಥೆಗಳು ಬೇಡಿಕೆಯ ಚಾನಲ್‌ಗಳ ದರವನ್ನು 12ರ ಮೇಲಕ್ಕೇರಿಸಿ ಪ್ಯಾಕಿನಿಂದಲೇ ಹೊರಗಿಡುವುದಾಗಿ ಪ್ರಕಟಿಸಿದವು. ಕೊನೆಗೆ 2022ರ ನವೆಂಬರ್ 22ರಂದು ರಾಜಿಯಂಥ ಒಂದು ಏರ್ಪಾಡಾಯಿತು: ಪ್ಯಾಕಿಗೆ ಸೇರಬಹುದಾದ ಚಾನಲ್ಲಿನ ದರ ಮತ್ತೆ 19 ರೂಪಾಯಿವರೆಗೆ, ಪ್ಯಾಕಿನ ರಿಯಾಯಿತಿ ಗರಿಷ್ಠ ಶೇ 45. ಇದು 2023ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಆ ತಿಂಗಳು ಹೊಸ ಒಪ್ಪಂದಕ್ಕೆ ಸಹಿ ಹಾಕದ ಹಲವು ಕೇಬಲ್ ವಿತರಕರಿಗೆ ಪ್ರಸಾರ ಸಂಸ್ಥೆಗಳು ಕೆಲವು ದಿನ ಸಂಕೇತವನ್ನೇ ನಿಲ್ಲಿಸಿದ್ದವು. ನಿಮ್ಮ ಕಡೆಯೂ ಚಾನಲ್ ಹೋಗಿದ್ದರೆ ಕಾರಣ ಇದೇ ಇರಬೇಕು. 2024ರ ಜುಲೈನಲ್ಲಿ, ವಿತರಕರು ತಾವೇ ಜೋಡಿಸುವ ಪ್ಯಾಕುಗಳಿಗೂ ಶೇ 45ರವರೆಗೆ ರಿಯಾಯಿತಿ ಕೊಡಲು ಅವಕಾಶವಾಯಿತು.

ಈ ಶೇ 45ರ ಮಿತಿಯನ್ನು ಹಿಡಿದುಕೊಂಡರೆ ಮನೆಯಲ್ಲಿ ಕೂತೇ ತೀರ್ಮಾನಿಸಬಹುದು. ಪ್ಯಾಕಿನ ದರ ಅದರೊಳಗಿನ ಬಿಡಿ ದರಗಳ ಮೊತ್ತದ ಶೇ 55ಕ್ಕಿಂತ ಕೆಳಗೆ ಹೋಗುವಂತಿಲ್ಲ. ಅಂದರೆ, ಆ ಪ್ಯಾಕಿನಲ್ಲಿ ನಿಮ್ಮ ಮನೆಯವರು ನಿಜವಾಗಿ ನೋಡುವ ಚಾನಲ್‌ಗಳ ಬಿಡಿ ದರಗಳನ್ನು ಕೂಡಿಸಿ. ಅದು ಒಟ್ಟು ಮೊತ್ತದ ಅರ್ಧಕ್ಕಿಂತ ಕಡಿಮೆಯಿದ್ದರೆ ಬಿಡಿಯಾಗಿ ಕೊಳ್ಳುವುದೇ ಅಗ್ಗ, ಅದರಲ್ಲಿ ಸಂಶಯವೇ ಇಲ್ಲ. ಅರ್ಧ ದಾಟಿದರೆ ಪ್ಯಾಕಿನ ದರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಇನ್ನೂ ಸರಳವಾಗಿ ಹೇಳುವುದಾದರೆ, ಒಂದು ಸಂಸ್ಥೆಯ ಒಂದೇ ಚಾನಲ್ ಬೇಕಿದ್ದರೆ ಬಿಡಿ. ಅದೇ ಸಂಸ್ಥೆಯ ಎರಡು ಮೂರು ದುಬಾರಿ ಚಾನಲ್ ಬೇಕಿದ್ದರೆ ಪ್ಯಾಕ್. ಇಲ್ಲಿ ಸಂಸ್ಥೆ ಯಾವುದೆಂದು ಗಮನಿಸುವುದು ಮುಖ್ಯ. ಉದಯ ಟಿವಿ ಸನ್ ಸಮೂಹದ್ದು, ಜೀ ಕನ್ನಡ ಜೀ ಸಂಸ್ಥೆಯದು. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಮೊದಲು ಬೇರೆ ಬೇರೆಯವರ ಕೈಯಲ್ಲಿದ್ದವು. 2024ರ ನವೆಂಬರ್‌ನಲ್ಲಿ ನಡೆದ ವಿಲೀನದ ನಂತರ ಎರಡೂ ಜಿಯೊಸ್ಟಾರ್‌ನ ಅಡಿಯಲ್ಲಿವೆ. ಕನ್ನಡದ ಎರಡು ದೊಡ್ಡ ಮನರಂಜನಾ ಚಾನಲ್‌ಗಳು ಒಂದೇ ಕೈಗೆ ಸೇರಿದಾಗ ಅವನ್ನು ಕಟ್ಟಿ ಮಾರುವ ಶಕ್ತಿಯೂ ಹೆಚ್ಚುತ್ತದೆ ಎಂಬುದನ್ನು ನಾವು ಕಣ್ಣಿಟ್ಟು ನೋಡುತ್ತಿರಬೇಕು.

ಈಗ ನಿಮ್ಮ ಮನೆಯ ಲೆಕ್ಕ. ಕೆಳಗಿನ ದರಗಳು ಲೆಕ್ಕ ತೋರಿಸಲೆಂದು ನಾನು ಹಿಡಿದುಕೊಂಡವು. ಈಗಿನ ದರಗಳನ್ನು ನಿಮ್ಮ ಆಪರೇಟರ್ ಕೊಡುವ ದರಪಟ್ಟಿಯಿಂದ ತುಂಬಿಕೊಳ್ಳಿ. ಒಂದು ಸಂಸ್ಥೆಯ ಕನ್ನಡ ಪ್ಯಾಕಿನಲ್ಲಿ ಧಾರಾವಾಹಿ ಚಾನಲ್ (19), ಕ್ರೀಡಾ ಚಾನಲ್ (19), ಮಕ್ಕಳ ಚಾನಲ್ (6), ನೀವು ನೋಡದ ಇನ್ನಷ್ಟು (16) ಇವೆ ಎನ್ನೋಣ. ಒಟ್ಟು 60, ಪೂರ್ತಿ ರಿಯಾಯಿತಿ ಕಳೆದು ಪ್ಯಾಕಿನ ದರ 33. ಅಪ್ಪ ಅವ್ವನಿಗೆ ಬೇಕಾದ ಇನ್ನೊಂದು ಧಾರಾವಾಹಿ ಚಾನಲ್ ಬೇರೆ ಸಂಸ್ಥೆಯದು, 19 ರೂಪಾಯಿ. ತೆಲುಗು ಚಾನಲ್ಲೂ 19. ಎಲ್ಲವನ್ನೂ ಬಿಡಿಯಾಗಿ ಕೊಂಡರೆ ಚಾನಲ್‌ಗಳಿಗೆ 82, ಎನ್‌ಸಿಎಫ್ 130, ತೆರಿಗೆ ಸೇರಿ 250 ರೂಪಾಯಿ 16 ಪೈಸೆ. ಎಲ್ಲಕ್ಕೂ ಪ್ಯಾಕನ್ನೇ ಹಾಕಿಸಿದರೆ, ಅಂದರೆ ಎರಡು ಕನ್ನಡ ಪ್ಯಾಕ್, ಒಂದು ತೆಲುಗು ಪ್ಯಾಕ್, ತಲಾ 33ರಂತೆ 99. ತೆರಿಗೆ ಸೇರಿ 270 ರೂಪಾಯಿ 22 ಪೈಸೆ. ಒಂದು ಕನ್ನಡ ಪ್ಯಾಕ್ ಇಟ್ಟುಕೊಂಡು, ಇನ್ನೊಂದು ಕನ್ನಡ ಚಾನಲ್ ಮತ್ತು ತೆಲುಗು ಚಾನಲ್ಲನ್ನು ಬಿಡಿಯಾಗಿ ಸೇರಿಸಿದರೆ 71; ತೆರಿಗೆ ಸೇರಿ 237 ರೂಪಾಯಿ 18 ಪೈಸೆ. ಮೂರರಲ್ಲಿ ಅಗ್ಗವಾದದ್ದು ಮಿಶ್ರಣವೇ, ಮತ್ತು ನಿಮಗೆ ನಾನು ಸೂಚಿಸುವುದೂ ಅದನ್ನೇ.

ಎರಡು ಭಾಷೆಯ ಮನೆಗೆ ಪ್ಯಾಕ್ ಏಕೆ ದುಬಾರಿಯಾಗುತ್ತದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸಂಸ್ಥೆಗಳು ಪ್ಯಾಕುಗಳನ್ನು ರಾಜ್ಯಕ್ಕೊಂದು ಭಾಷೆಯೆಂಬ ಎಣಿಕೆಯಲ್ಲಿ ಜೋಡಿಸುತ್ತವೆ. ತುಂಗಭದ್ರಾ ಎಡದಂಡೆಯ ನೀರಾವರಿ ಪ್ರದೇಶಕ್ಕಾಗಲಿ, 1953ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿಗಾಗಲಿ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರಿಗಾಗಲಿ ಈ ಎಣಿಕೆ ಹೊಂದುವುದಿಲ್ಲ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ, ಎಷ್ಟೋ ಸಲ ಒಂದೇ ಮನೆಯಲ್ಲಿ. ಕನ್ನಡ ಪ್ಯಾಕಿನ ಜೊತೆ ಅದೇ ಸಂಸ್ಥೆಯ ತೆಲುಗು ಪ್ಯಾಕನ್ನೂ ಹಾಕಿಸಿದರೆ, ಎರಡರಲ್ಲೂ ಇರುವ ಕೆಲವು ಮಕ್ಕಳ, ಕ್ರೀಡಾ, ವನ್ಯಜೀವಿ ಚಾನಲ್‌ಗಳಿಗೆ ನೀವು ಎರಡು ಸಲ ಹಣ ಕೊಟ್ಟಂತಾಗುತ್ತದೆ. ಪರದೆಯ ಮೇಲೆ ಚಾನಲ್ ಒಂದೇ ಸಲ ಬರುತ್ತದೆ, ದರ ಮಾತ್ರ ಎರಡು ಕಡೆ ಸೇರಿರುತ್ತದೆ. ಬಿಡಿ ಚಾನಲ್ಲಿನ ಹಕ್ಕನ್ನು ನಾನು ಬಲವಾಗಿ ಸಮರ್ಥಿಸುವುದು ಇದೇ ಕಾರಣಕ್ಕೆ. ಬೆಂಗಳೂರಿನಲ್ಲೋ ಮುಂಬೈನಲ್ಲೋ ಕೂತು ಜೋಡಿಸಿದ ಪ್ಯಾಕಿನಲ್ಲಿ ಕಾರಟಗಿಯ ಮನೆಯ ಸ್ವರೂಪ ಕಾಣುವುದಿಲ್ಲ. ಆ ಮನೆಯವರು ತಾವೇ ಆರಿಸಿಕೊಂಡಾಗ ಮಾತ್ರ ಕಾಣುತ್ತದೆ. ಹೆಚ್ಚಿನವರು ಪ್ಯಾಕನ್ನೇ ಕೊಂಡರೂ ಸರಿ, ಬಿಡಿ ದರವೆಂಬುದೊಂದು ಪಕ್ಕದಲ್ಲಿ ನ್ಯಾಯವಾದ ಮಟ್ಟದಲ್ಲಿ ಇರಲೇಬೇಕು, ಏಕೆಂದರೆ ಪ್ಯಾಕಿನ ದರಕ್ಕೆ ಅದೇ ಲಗಾಮು.

ಆಪರೇಟರನ್ನೂ ಅಪರಾಧಿಯೆಂದು ಕಾಣಬೇಡಿ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಎನ್‌ಸಿಎಫ್‌ನಲ್ಲಿ ಶೇ 55 ಮೇಲಿನ ವಿತರಕ ಸಂಸ್ಥೆಗೆ, ಶೇ 45 ಊರಿನ ಆಪರೇಟರ್‌ಗೆ. 130ರಲ್ಲಿ ಅವರಿಗೆ ಸಿಗುವುದು 58 ರೂಪಾಯಿ 50 ಪೈಸೆ. ಪೇ ಚಾನಲ್ ದರದಲ್ಲಿ ವಿತರಣೆಯ ಪಾಲು ಕನಿಷ್ಠ ಶೇ 20, ಅದೂ ಇಬ್ಬರ ನಡುವೆ ಹಂಚಿಹೋಗುತ್ತದೆ. ಅಷ್ಟರಲ್ಲಿ ಅವರು ಗಾಳಿಮಳೆಗೆ ಹರಿದ ತಂತಿ ಜೋಡಿಸಬೇಕು, ಮನೆಮನೆಗೆ ಹೋಗಿ ವಸೂಲಿ ಮಾಡಬೇಕು. ಊರಿಗೆಲ್ಲ ಒಂದೇ ಪ್ಯಾಕ್ ಇದ್ದರೆ ಅವರ ಕೆಲಸ ಹಗುರ. ಮನೆಗೊಂದು ಪಟ್ಟಿಯಾದರೆ ಪ್ರತಿ ಬಾಕ್ಸಿಗೂ ಬೇರೆ ಬೇರೆ ಚಾನಲ್ ಸೇರಿಸಿ, ತೆಗೆದು, ದೂರು ಕೇಳಬೇಕು. ಅವರು ಪ್ಯಾಕ್ ಇರಲಿ ಎನ್ನುವುದಕ್ಕೆ ಲಾಭಕ್ಕಿಂತ ಈ ತೊಡಕೇ ಹೆಚ್ಚಿನ ಕಾರಣ. ಆದ್ದರಿಂದ ನೀವೇ ಪಟ್ಟಿ ಸಿದ್ಧಮಾಡಿಕೊಂಡು ಹೋದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಪಟ್ಟಿ ಮಾಡುವ ಮೊದಲು ಒಂದು ವಾರ ಮನೆಯವರು ಏನು ನೋಡುತ್ತಾರೆಂದು ಬರೆದಿಡಿ. ಕನ್ನಡದ ಸುದ್ದಿ ಚಾನಲ್‌ಗಳಲ್ಲಿ ಬಹುತೇಕವು ಉಚಿತ, ದೂರದರ್ಶನದ ಚಂದನ ಬರಲೇಬೇಕಾದದ್ದು. ಇವುಗಳಿಗಾಗಿ ಪ್ಯಾಕ್ ಬೇಕಿಲ್ಲ. ಬಹಳಷ್ಟು ಬಾಕ್ಸ್‌ಗಳ ಮೆನುವಿನಲ್ಲಿ ಈಗ ಯಾವ ಪ್ಯಾಕ್ ಚಾಲ್ತಿಯಲ್ಲಿದೆ ಎಂಬುದು ಕಾಣುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ಆ ಮೇಲೆ ಬೇಕಾದ ಚಾನಲ್‌ಗಳ ಹೆಸರು, ಬಾಕ್ಸಿನ ನಂಬರ್, ದಿನಾಂಕ ಬರೆದು ಎರಡು ಪ್ರತಿ ಮಾಡಿ ಒಂದನ್ನು ಆಪರೇಟರ್‌ಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ ಹಾಕಿಸಿಕೊಳ್ಳಿ. ಬಿಲ್ಲನ್ನೂ ಆಗಲೇ ಕೇಳಿ. ಅವರು ಒಪ್ಪದಿದ್ದರೆ ಮೇಲಿನ ವಿತರಕ ಸಂಸ್ಥೆಯ ಗ್ರಾಹಕ ಸೇವಾ ಸಂಖ್ಯೆಗೆ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ಅಲ್ಲೂ ಆಗದಿದ್ದರೆ ಆ ಸಂಸ್ಥೆ ರಾಜ್ಯಕ್ಕೆಂದು ನೇಮಿಸಿರುವ ನೋಡಲ್ ಅಧಿಕಾರಿಗೆ ಬರೆಯಿರಿ. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ತಾನೇ ಬಗೆಹರಿಸುವುದಿಲ್ಲ. ಅಲ್ಲಿಂದ ಮುಂದೆ ಇರುವ ದಾರಿ ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗ, ಅಲ್ಲಿ ನಿಮ್ಮ ಸಹಿಯ ಪ್ರತಿ ಮತ್ತು ದೂರಿನ ನಂಬರ್ ಕೆಲಸಕ್ಕೆ ಬರುತ್ತವೆ.

ಮಹಡಿಯ ಟಿವಿಯ ವಿಷಯ. 2020ರ ನಿಯಮದಂತೆ ಒಂದೇ ಹೆಸರಿನಲ್ಲಿರುವ ಎರಡನೇ ಟಿವಿಗೆ ಎನ್‌ಸಿಎಫ್ ಮೊದಲನೆಯದರ ಶೇ 40ನ್ನು, ಅಂದರೆ 52 ರೂಪಾಯಿಯನ್ನು ಮೀರುವಂತಿರಲಿಲ್ಲ. ಶುಲ್ಕದ ಮಿತಿಯನ್ನೇ ತೆಗೆದ ಮೇಲೆ ಈಗ ಆ ರಕ್ಷಣೆ ಇಲ್ಲ. ನನ್ನ ದೃಷ್ಟಿಯಲ್ಲಿ ಅದನ್ನು ತೆಗೆಯಬಾರದಿತ್ತು. ಆದರೂ ಅದೇ 52ನ್ನು ಮುಂದಿಟ್ಟು ಮಾತನಾಡಿ, ಮೊದಲು ಈ ದರಕ್ಕೆ ಕೊಡುತ್ತಿದ್ದಿರಿ ಎಂದು ಹೇಳಿ. ಎರಡನೇ ಬಾಕ್ಸಿಗೆ ಮೊದಲಿನದೇ ಚಾನಲ್ ಪಟ್ಟಿ ಬೇಕೆಂದಿಲ್ಲ. ಮಹಡಿಯ ಮೇಲೆ ಮಗ ಕ್ರಿಕೆಟ್ ಮಾತ್ರ ನೋಡುವುದಾದರೆ ಅಲ್ಲಿ ಕ್ರೀಡಾ ಚಾನಲ್ಲೊಂದನ್ನು ಬಿಡಿಯಾಗಿ ಹಾಕಿಸಿ, ಉಳಿದದ್ದಕ್ಕೆ ಉಚಿತ ಚಾನಲ್‌ಗಳೇ ಇರಲಿ. 52ರ ದರಕ್ಕೆ ಅವರು ಒಪ್ಪಿದರೆ ತೆರಿಗೆ ಸೇರಿ ತಿಂಗಳಿಗೆ 83 ರೂಪಾಯಿ 78 ಪೈಸೆಯಾಗುತ್ತದೆ, ಮತ್ತು ಪಂದ್ಯಗಳಿಲ್ಲದ ತಿಂಗಳು ಆ ಚಾನಲ್ಲನ್ನು ತೆಗೆಸಿಬಿಡಬಹುದು.